ದೋಣಿ ತೊಳೆಯುವವರು ಬೇಕಾಗಿದ್ದಾರೆ

ಕೆಲವರಿಗೆ ಗುರುಗಳಿರುತ್ತಾರೆ, ನನಗೆ ಮೊಬೈಲ್ ಇದೆ. ಮೊಬೈಲ್ ನೋಡಿ ಕಲಿತ ವಿದ್ಯೆಯಲ್ಲಿ ಒಂದು ಅನುಕೂಲವೆಂದರೆ ಅದಕ್ಕೆ ಪರೀಕ್ಷೆ ಇರುವುದಿಲ್ಲ. ಹಾಗಾಗಿ ನಾನು ಈವರೆಗೆ ಯಾವುದರಲ್ಲೂ ನಪಾಸಾಗಿಲ್ಲ. ಜೇನು ಸಾಕುವುದನ್ನು ಕಲಿತೆ. ಜೇನುಹುಳಗಳು ಮೂರನೇ ದಿನ ಹೋದವು, ಆದರೆ ಅವು ಯಾಕೆ ಹೋದವು ಎಂದು ನಾನು ಈಗಲೂ ಅರ್ಧ ತಾಸು ಮಾತನಾಡಬಲ್ಲೆ. ಆಮೇಲೆ ಕೊಳಲು ಕಲಿತೆ. ನಮ್ಮಪ್ಪ ಮಾತ್ರ ಅದನ್ನು ಕಲಿಯುವುದು ಎನ್ನದೆ ಊದುವುದು ಎನ್ನುತ್ತಿದ್ದ. ಅದಾದ ಮೇಲೆ ದೋಣಿಗೆ ಬಂದೆ.

ದೋಣಿ ಯಾಕೆ ಎಂದು ಕೇಳಬೇಡಿ. ನಮ್ಮೂರು ಹಾನಗಲ್ಲಿನಿಂದ ಆಡೂರಿನ ಕಡೆ ಹೋಗುವಾಗ ಸಿಗುತ್ತದೆ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಶಿರಸಿ ದಾಟಿ, ಘಟ್ಟ ಇಳಿದು, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಹೋಗಬೇಕು. ಆದರೂ ಊರಿಗೊಂದು ಕೆರೆ ಇದೆಯಲ್ಲ ಎಂದು ಧೈರ್ಯ ಮಾಡಿ, ಹಾನಗಲ್ಲಿನ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತೇ ಕರಾವಳಿಯವರೊಬ್ಬರ ಹಳೆಯ ಫೈಬರ್ ದೋಣಿಯನ್ನು ಕೊಂಡೆ. ಆರು ಜನ ಕೂರಬಹುದು, ಎರಡು ಹುಟ್ಟು. ಮಾವಿನಹಣ್ಣು ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಅದು ಊರಿಗೆ ಬಂದಿಳಿಯಿತು. ಆ ವರ್ಷ ಕೆರೆಯಲ್ಲಿ ನೀರಿರಲಿಲ್ಲ. ದೋಣಿ ನಮ್ಮ ಹಿತ್ತಲಿಗೆ ಹೋಯಿತು.

ಹಿತ್ತಲಿನಲ್ಲಿ ಖಾಲಿ ಬಿದ್ದಿರುವ ವಸ್ತುವನ್ನು ಖಾಲಿ ಬಿಡುವುದು ನಮ್ಮ ಮನೆಯ ಪದ್ಧತಿಯಲ್ಲ. ಮೊದಲು ಅವ್ವ ಅದರಲ್ಲಿ ಮೆಣಸಿನಕಾಯಿ ಒಣಗಿಸಿದಳು. ಆಮೇಲೆ ಅಪ್ಪ ಸಗಣಿಯ ಕುಳ್ಳು ಒಟ್ಟಿದ. ಕುಳ್ಳಿನ ಬಿಸುಪು ನೋಡಿ ಓಣಿಯ ನಾಯಿಯೊಂದು ಒಳಗೆ ನಾಲ್ಕು ಮರಿ ಹಾಕಿತು. ಒಂದೂವರೆ ವರ್ಷದಲ್ಲಿ ನನ್ನ ದೋಣಿ ನೀರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿತ್ತು.

ಈ ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ತುಂಬಿತು. ತುಂಬಿದ ಕೆರೆಗೆ ಬಾಗಿನ ಕೊಡಬೇಕು. ನಮ್ಮೂರಿನ ಬಾಗಿನಕ್ಕೆ ಒಂದು ಹಳೆಯ ತೊಂದರೆ ಇದೆ. ದಂಡೆಯ ಮೇಲೆ ನಿಂತು ಬಾಗಿನದ ಮೊರವನ್ನು ನೀರಿಗೆ ಬಿಟ್ಟರೆ, ಪಡುವಣ ಗಾಳಿಗೆ ಅದು ಹತ್ತು ನಿಮಿಷದಲ್ಲಿ ತಿರುಗಿ ದಂಡೆಗೇ ಬಂದು ನಿಲ್ಲುತ್ತದೆ. ಕೆರೆಯ ತಾಯಿ ಗಂಗವ್ವ ಬೇಡವೆಂದು ವಾಪಸ್ ಕಳಿಸಿದಂತೆ ಕಾಣುತ್ತದೆ. ಕೆರೆ ಸಮಿತಿಯ ಅಧ್ಯಕ್ಷರಾದ ಶಿವನಗೌಡರಿಗೆ ಇದು ಪ್ರತಿಸಲ ಅವಮಾನ. ಈ ಸಲ ಅವರು ನಮ್ಮ ಮನೆಗೇ ಬಂದರು.

“ತಮ್ಮಾ, ನಿನ್ನ ದೋಣಿ ತೇಲತೈತೇನು?”

“ದೋಣಿ ಅಂದಮ್ಯಾಲೆ ತೇಲತೈತ್ರಿ ಗೌಡ್ರ.”

“ಹಂಗಾದ್ರ ಸೋಮವಾರ ನಡು ಕೆರೀಗಿ ಹೋಗಿ ಬಾಗಿನ ಬಿಡೂಣು. ಕಾಶವ್ವಜ್ಜಿ ಬರ್ತಾಳ. ದೋಣಿ ಚೊಲೊ ಕೆಲಸ ಮಾಡ್ತಂದ್ರ ಕೆರ್ಯಾಗ ಕಾಯಂ ಇಟಗೋ, ಸಮಿತೀದು ಏನೂ ತಕರಾರಿಲ್ಲ.”

ಅಪ್ಪ ಹಿಂದಿನಿಂದ ಸೇರಿಸಿದ: “ಇಲ್ಲಂದ್ರ ಮಂಗಳವಾರ ಅದು ಗುಜರೀಗಿ ಹೋಗತೈತಿ. ನನಗ ಹಿತ್ತಲ ಖಾಲಿ ಆಗಬೇಕು.”

ಕಾಶವ್ವಜ್ಜಿ ಊರಿನ ಹಿರಿಯ ಮುತ್ತೈದೆ. ಬಾಗಿನ ಅವಳ ಕೈಯಿಂದಲೇ ಹೋಗಬೇಕು. ಅವಳು ಕೋಲೂರಿಕೊಂಡು ಹಿತ್ತಲಿಗೆ ಬಂದು, ದೋಣಿಯೊಳಗೆ ಒಮ್ಮೆ ಬಗ್ಗಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಮಂಜ್ಯಾ, ನಾಯಿ ಬಾಣಂತನ ಮಾಡಿದ ಜಾಗಾದಾಗ ನಾ ಬಾಗಿನ ಹಿಡಕೊಂಡು ಕುಂದ್ರಂಗಿಲ್ಲ. ದೇವರ ತಾಟ ತೊಳದಂಗ ತೊಳಸು, ಆಮ್ಯಾಲೆ ಕರಿ.” ಅಂದರೆ ಸೋಮವಾರದೊಳಗೆ ದೋಣಿ ಫಳಫಳ ಎನ್ನಬೇಕು. ಇಲ್ಲವಾದರೆ ಗುಜರಿ. ನನ್ನ ಕೈಯಲ್ಲಿ ಐದು ದಿನ ಇದ್ದವು.

ಅವ್ವ ಕೂಡಲೇ ಕಸಬರಿಗೆ ಮತ್ತು ಬಕೆಟ್ಟು ತಂದಳು. ನಾನು ತಡೆದೆ. ದೋಣಿಯನ್ನು ಹಾಗೆಲ್ಲ ತೊಳೆಯಬಾರದು, ಅದಕ್ಕೆಂದೇ ಕಲಿತವರು ಇರುತ್ತಾರೆ ಎಂದೆ. ಹಿಂದಿನ ರಾತ್ರಿಯಷ್ಟೇ ‘ದೋಣಿ ಸ್ವಚ್ಛ ಮಾಡುವವರನ್ನು ಆರಿಸುವುದು ಹೇಗೆ’ ಎಂಬ ಇಂಗ್ಲಿಷ್ ವಿಡಿಯೋ ನೋಡಿದ್ದೆ. ಅನುಭವ ಕೇಳಿ, ಯಾವ ಸಾಬೂನು ಎಂದು ಕೇಳಿ, ಹಿಂದಿನ ಗಿರಾಕಿಗಳನ್ನು ವಿಚಾರಿಸಿ ಎಂದೆಲ್ಲ ಅದರಲ್ಲಿ ಹೇಳಿದ್ದರು. ಹತ್ತು ಪ್ರಶ್ನೆ ಬರೆದುಕೊಂಡಿದ್ದೆ. ಅವ್ವ ಬಕೆಟ್ಟನ್ನು ಎಮ್ಮೆಯ ಕಡೆ ಒಯ್ದಳು.

ಮೊಬೈಲಿನಲ್ಲಿ ಹುಡುಕಿದರೆ ಹತ್ತಿರದಲ್ಲಿ ಸೀರೆ ಡ್ರೈಕ್ಲೀನ್ ಮಾಡುವವರು ಒಬ್ಬರು ಸಿಕ್ಕರು. ದೋಣಿಯವರು ಸಿಕ್ಕಿದ್ದು ಕಾರವಾರದಲ್ಲಿ. ಫೋನ್ ಮಾಡಿದೆ. ಆ ಮನುಷ್ಯ ಬಹಳ ಸಮಾಧಾನದವರು.

“ಬೋಟು ಈಗ ಯಾವ ಬಂದರಿನಲ್ಲಿದೆ?”

“ಹಿತ್ತಲದಾಗ ಐತ್ರಿ.”

“ಹಿತ್ತಲ? ಅದು ಯಾವ ಕಡೆ ಬರ್ತದೆ?”

“ಬಚ್ಚಲ ಮನಿ ಹಿಂದರಿ.”

ಅವರು ಬಂದರಿನ ವಿಷಯವನ್ನು ಅಲ್ಲಿಗೇ ಬಿಟ್ಟರು. ಆಮೇಲೆ, “ತಳಕ್ಕೆ ಏನು ಅಂಟಿಕೊಂಡಿದೆ? ಚಿಪ್ಪಾ, ಪಾಚಿಯಾ?” ಎಂದರು.

“ಸಗಣಿರಿ.”

ಅವರು ನಗದೇ ಹೇಳಿದರು, ಅದು ನನಗೆ ಈಗಲೂ ನೆನಪಿದೆ: ಒಂದು ಬಕೆಟ್ ನೀರು, ಪಾತ್ರೆ ತಿಕ್ಕುವ ಸಾಬೂನು, ಮೆತ್ತನೆಯ ಬ್ರಷ್ಷು, ಒಂದು ತಾಸಿನ ಕೆಲಸ, ಮನೆಯಲ್ಲೇ ಮಾಡಿಕೊಳ್ಳಿ. ನಾನು ಫೋನಿಟ್ಟು ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಬಂದ ಕೆಲಸವನ್ನು ಬೇಡವೆನ್ನುವವರು ವೃತ್ತಿಪರರು ಹೇಗಾದಾರು?

ಮರುದಿನ ಬೈಕ್ ಹತ್ತಿ ಸವಣೂರಿಗೆ ಹೋದೆ. ಅಲ್ಲಿ ಯಲವಿಗಿ ರಸ್ತೆಯಲ್ಲಿ ಇಮಾಮಸಾಬ ಎಂಬವರು ನೀರಿನ ಟಾಕಿ ತೊಳೆಯುವುದರಲ್ಲಿ ಹೆಸರು ಮಾಡಿದ್ದಾರೆ. ಅವರು ನನ್ನ ಮೊಬೈಲಿನಲ್ಲಿದ್ದ ದೋಣಿಯ ಫೋಟೋವನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು. “ನಮ್ದು ಕೆಲಸ ಏನೈತಿ ನೋಡ್ರಿ, ನೀರು ಒಳಗಿರತೈತಿ, ನಾವ ಒಳಗಿಳದು ತೊಳಿತೇವಿ. ನಿಮ್ದು ನೀರು ಹೊರಗಿರತೈತಿ. ಪೂರಾ ಉಲ್ಟಾ ಆತು. ಗೊತ್ತಿಲ್ಲದ ಕೆಲಸಕ್ಕ ನಾ ಕೈ ಹಾಕಂಗಿಲ್ರಿ,” ಎಂದು ಚಹಾ ಕುಡಿಸಿ ಕಳಿಸಿದರು. ಇಷ್ಟು ವಿಚಾರ ಮಾಡುವ ಮನುಷ್ಯನನ್ನು ನಾನು ಆ ವಾರ ಮತ್ತೆ ಭೇಟಿಯಾಗಲಿಲ್ಲ, ಕನ್ನಡಿಯಲ್ಲಿ ಕೂಡ. ಹಿರೇಕೆರೂರಿನ ಕಡೆ, ಚಿಕ್ಕೇರೂರಿನಲ್ಲಿ, ಗೋವಿನಜೋಳ ಒಕ್ಕುವ ಮಷೀನು ತೊಳೆಯುವವರೊಬ್ಬರಿದ್ದರು. ಅವರು ಹತ್ತೂ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟರು: “ಸುಗ್ಗಿ ಮುಗೀಲಿ, ಬರ್ತೇನಿ.”

ಉಳಿದದ್ದು ಶಿಗ್ಗಾಂವಿ. ಅಲ್ಲಿ ಹೆದ್ದಾರಿಯ ಪಕ್ಕ ಬಸಣ್ಣನ ವಾಟರ್ ಸರ್ವಿಸ್ ಇದೆ. ಟ್ರ್ಯಾಕ್ಟರು, ಟ್ರೇಲರು, ಟಿಪ್ಪರು ತೊಳೆಯುತ್ತಾನೆ. ಬಸಣ್ಣ ನನ್ನ ಪ್ರಶ್ನೆಗಳಿಗೆ ಕೈ ಕಟ್ಟಿಕೊಂಡು ಉತ್ತರ ಕೊಟ್ಟ. ಅನುಭವ? “ಹದಿನಾಕ ವರ್ಷಾತ್ರಿ.” ದೋಣಿ ತೊಳೆದಿದ್ದೀರಾ? “ಇನ್ನೂ ಯಾರೂ ತಂದಿಲ್ರಿ. ತಂದ್ರ ಒಲ್ಲೆ ಅಂದಿಲ್ಲ.” ಈ ಉತ್ತರದಲ್ಲಿದ್ದ ಆತ್ಮವಿಶ್ವಾಸ ನನಗೆ ನನ್ನದೇ ಎನಿಸಿತು. ಕೆಲಸ ಅವನಿಗೇ ಎಂದು ತೀರ್ಮಾನಿಸಿದೆ. ಕೊನೆಗೆ ನನ್ನ ಕಡೆಯಿಂದ ಒಂದು ಕಟ್ಟುನಿಟ್ಟಿನ ಷರತ್ತನ್ನೂ ಹಾಕಿದೆ: ತೊಳೆದ ಮೇಲೆ ಒಳಗೆ ಹನಿ ನೀರೂ ನಿಂತಿರಬಾರದು.

ಶನಿವಾರ ದೋಣಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೊರಟೆವು. ಆಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದು ದೋಣಿಯನ್ನು ಒಂದು ಸುತ್ತು ಹಾಕಿದರು. “ಕೆರಿ ಹಿಂದ ಬಿಟ್ಟು ಬಂದೀರಲ್ರಿ,” ಎಂದರು.

“ತೊಳಸಾಕ ಒಯ್ಯಾಕತ್ತೇನ್ರಿ.”

“ನೀರಾಗ ಇರೂದನ್ನ ನೀರ ಹಾಕಿ ತೊಳಸಾಕ ಶಿಗ್ಗಾಂವೀತನ ಹೊಂಟೀರಿ,” ಎಂದು ಅವರು ಕಟ್ಟೆಗೆ ಮರಳಿ, ಪಕ್ಕದವರಿಗೆ ಅದನ್ನೇ ಮತ್ತೊಮ್ಮೆ ಹೇಳಿದರು. ಕಲಿಯದ ಜನರ ಜೊತೆ ವಾದ ಮಾಡಬಾರದೆಂದು ನಾನು ಬಿಸ್ಕೀಟು ತಿಂದೆ.

ಬಸಣ್ಣ ಕೆಲಸದಲ್ಲಿ ಮೋಸಗಾರನಲ್ಲ. ದೋಣಿಯ ಒಳಗೂ ಹೊರಗೂ ಅಂಟಿದ್ದನ್ನೆಲ್ಲ ಪೈಪಿನಿಂದ ಕಿತ್ತು ತೆಗೆದ, ಶಾಂಪೂ ಹಚ್ಚಿದ, ಮತ್ತೆ ಪೈಪು ಹಿಡಿದ. ನಾನು ರಸ್ತೆಯಾಚೆ ಊಟಕ್ಕೆ ಹೋದೆ. ಬರುವಷ್ಟರಲ್ಲಿ ದೋಣಿ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ವಿಡಿಯೋದಲ್ಲಿ ತೋರಿಸಿದಂತೆ ಮೂಲೆಮೂಲೆಗೆ ಬೆರಳಾಡಿಸಿದೆ. ಒಂದು ಹನಿ ನೀರಿಲ್ಲ. ತಳದಲ್ಲಿ ಮಾತ್ರ ಹೆಬ್ಬೆರಳು ಹೋಗುವಷ್ಟು ದೊಡ್ಡ ಎರಡು ತೂತು, ಸುತ್ತ ಚೆಂದದ ಉಕ್ಕಿನ ಬಳೆ, ಮೇಲೆ ತಂತಿಯ ಸಣ್ಣ ಜಾಳಿಗೆ.

ಬಸಣ್ಣ ವಿನಯದಿಂದ ಹೇಳಿದ: “ತೊಳದ ನೀರು ಹೊರಗ ಹೋಗಾಕ ದಾರೀನ ಇದ್ದಿಲ್ರಿ. ಟ್ರೇಲರಿಗೆ ಹಾಕಿದಂಗ ಎರಡ ತೂತ ಹಾಕೇನಿ. ಹುಳ ಹುಪ್ಪಡಿ ಬರಬಾರದಂತ ಜಾಳಗಿ ಕೂಡ್ಸೇನಿ. ಇನ್ನ ಎಷ್ಟರ ಮಳಿ ಬರ್ಲಿ, ಒಳಗ ಹನಿ ನೀರ ನಿಲ್ಲಂಗಿಲ್ಲ. ಇದಕ್ಕ ಬ್ಯಾರೆ ರೊಕ್ಕ ಬ್ಯಾಡ್ರಿ.”

ಇಲ್ಲಿ ನಾನು ಒಂದು ಸತ್ಯ ಒಪ್ಪಿಕೊಳ್ಳಬೇಕು. ಬೇರೆ ಯಾರಾದರೂ ಆಗಿದ್ದರೆ, ಏನೂ ಓದದ ನಮ್ಮವ್ವ ಆಗಿದ್ದರೂ, ದೋಣಿಯ ತಳದಲ್ಲಿ ತೂತು ಕಂಡ ಕ್ಷಣ ಹೌಹಾರುತ್ತಿದ್ದರು. ನನಗೆ ಸಂತೋಷವಾಯಿತು. ಯಾಕೆಂದರೆ ದೊಡ್ಡ ದೊಡ್ಡ ವಿದೇಶಿ ದೋಣಿಗಳ ತಳದಲ್ಲಿ ನೀರು ಬಿಡಲು ತೂತು ಇರುವುದನ್ನು ನಾನು ಒಂದು ವಿಡಿಯೋದಲ್ಲಿ ಕಣ್ಣಾರೆ ನೋಡಿದ್ದೆ. “ಹೌದು ಬಸಣ್ಣಾ, ಚೊಲೊ ಬೋಟಿಗೆಲ್ಲಾ ಇದು ಇರತೈತಿ,” ಎಂದು ಅವನ ಬೆನ್ನು ತಟ್ಟಿ, ಅಲ್ಲೇ ನಿಂತು ಮೊಬೈಲಿನಲ್ಲಿ ಐದು ಸ್ಟಾರ್ ಕೊಟ್ಟೆ. ಆ ತೂತಿಗೆ ನೀರಿಗಿಳಿಸುವ ಮುಂಚೆ ಬೂಚು ಬಡಿಯುತ್ತಾರೆ ಎಂಬುದು ವಿಡಿಯೋದ ಉಳಿದ ಅರ್ಧದಲ್ಲಿತ್ತಂತೆ. ನಡುವೆ ಜಾಹೀರಾತು ಬಂತೆಂದು ನಾನು ಅಷ್ಟಕ್ಕೇ ಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಊರೆಲ್ಲ ದಂಡೆಯ ಮೇಲಿತ್ತು. ಕಾಶವ್ವಜ್ಜಿ ದೋಣಿಯ ಹಲಗೆಯ ಮೇಲೆ ಬೆರಳೆಳೆದು, ಮೂಸಿ ನೋಡಿ, “ಹ್ಞೂಂ, ಗಮ್ಮ ಅಂತೈತಿ” ಎಂದು ಒಪ್ಪಿದಳು. ಒಳಗೆ ಹಾಸಿದ್ದ ಹೊಸ ಜಮಖಾನೆಯ ಮೇಲೆ ಬಾಗಿನ ಹಿಡಿದು ಕೂತಳು. ಗೌಡರು ರುಮಾಲು ಸರಿಮಾಡಿಕೊಂಡು ಎದುರಿಗೆ ಕೂತರು. ನಾನು ಹುಟ್ಟು ಹಾಕಿದೆ. ಜನ ನೂಕಿದರು. ದೋಣಿ ತೇಲಿತು. ದಂಡೆಯ ಮೇಲೆ ನಮ್ಮಪ್ಪ ಕೈ ಎತ್ತಿದ್ದನ್ನು ನಾನು ನೋಡಿದೆ. ಅದು ಆಶೀರ್ವಾದವೇ ಇರಬೇಕು.

ಇಪ್ಪತ್ತು ಮಾರು ಹೋಗಿರಬಹುದು. ಗೌಡರು ಮೆಲ್ಲಗೆ ಹೇಳಿದರು: “ತಮ್ಮಾ, ಕಾಲಿಗೆ ತಂಪ ಹತ್ತಾಕತ್ತೈತಿ.”

“ಈಗ ತೊಳಸೇನಲ್ರಿ ಗೌಡ್ರ, ಜರ ಹಸಿ ಇರತೈತಿ.”

ಇನ್ನೂ ಹತ್ತು ಮಾರು. ಗೌಡರು ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ತಮ್ಮಾ, ಜಮಖಾನಿ ಎದ್ದು ಬರಾಕತ್ತೈತಿ.” ನಾನು ನೋಡಿದೆ. ಎರಡು ಕಡೆಯಿಂದ ಎರಡು ಕಾರಂಜಿಗಳು ಜಮಖಾನೆಯನ್ನು ಹಂದರದಂತೆ ಎತ್ತಿ ಹಿಡಿದಿದ್ದವು. ಜಾಳಿಗೆ ಇದ್ದುದರಿಂದ ಬಂದ ನೀರು ಮಾತ್ರ ಬಹಳ ಸ್ವಚ್ಛವಾಗಿತ್ತು. ನಾನು ದಂಡೆಯ ಕಡೆ ತಿರುಗಿಸಲು ನೋಡಿದೆ. ನೀರು ತುಂಬಿದ ದೋಣಿ ಎಮ್ಮೆಯಂತೆ, ಎಳೆದ ಕಡೆ ಬರುವುದಿಲ್ಲ.

ಒಬ್ಬಳೇ ಗಾಬರಿಯಾಗದೆ ಕೂತಿದ್ದಳು ಕಾಶವ್ವಜ್ಜಿ. ನೀರು ಮೊಣಕಾಲಿಗೆ ಬಂದಾಗ ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನಾವು ನಡು ಕೆರೀಗಿ ಹೋಗೂದ ಬ್ಯಾಡ ಬಿಡೋ, ಗಂಗವ್ವ ತಾನ ನಮ್ಮ ಮನೀಗಿ ಬಂದಾಳ,” ಎಂದು ಕೈಮುಗಿದು, ಅರಿಷಿಣ ಕುಂಕುಮ ಹಾಕಿ, ಬಾಗಿನವನ್ನು ದೋಣಿಯೊಳಗಿನ ನೀರಿನಲ್ಲೇ ಬಿಟ್ಟಳು. ಅಷ್ಟರಲ್ಲಿ ದೋಣಿ ಕೆಸರಿಗೆ ತಾಗಿ ಕೂತಿತು. ಅಂಚಷ್ಟೇ ನೀರಿನ ಮೇಲಿತ್ತು. ಹೊರಗೆ ಸೊಂಟದಷ್ಟು ನೀರು. ಅಜ್ಜಿ ಎದ್ದಳು, ಕಚ್ಚೆ ಬಿಗಿದಳು. “ಈ ಕೆರಿ ಹೂಳ ಹೊತ್ತಾಕಿ ನಾ. ಎಲ್ಲೆ ಕಲ್ಲ ಐತಿ, ಎಲ್ಲೆ ತಗ್ಗ ಐತಿ ನನಗ ಗೊತ್ತೈತಿ. ನನ್ನ ಹಿಂದ ಬರ್ರಿ.” ನಾನು ಅಜ್ಜಿಯನ್ನು ಕೈಹಿಡಿದು ದಂಡೆಗೆ ತಂದೆನೆಂದು ಊರ ಗುಂಪಿನಲ್ಲಿ ಬಂದ ಫೋಟೋದಲ್ಲಿ ಕಾಣುತ್ತದೆ. ಫೋಟೋದಲ್ಲಿ ಯಾರು ಯಾರ ಕೈ ಹಿಡಿದಿದ್ದಾರೆ ಎಂಬುದು ಸ್ಪಷ್ಟವಿಲ್ಲ, ಅದು ಹಾಗೇ ಇರಲಿ.

ದಂಡೆಗೆ ಬಂದು ನಾನು ತಲೆ ತಗ್ಗಿಸಿ ನಿಂತೆ. ಗೌಡರು ರುಮಾಲು ಹಿಂಡುತ್ತ ಕೆರೆಯ ಕಡೆಯೇ ನೋಡುತ್ತಿದ್ದರು. ಐದು ನಿಮಿಷವಾಯಿತು, ಹತ್ತಾಯಿತು, ಗಾಳಿ ಬೀಸಿತು. ಬಾಗಿನ ದೋಣಿಯ ಅಂಚಿಗೆ ಬಡಿದು, ಒಳಗೇ ಒಂದು ಸುತ್ತು ಹೊಡೆದು, ಅಲ್ಲೇ ನಿಂತಿತು. ಗೌಡರು ಇಪ್ಪತ್ತು ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. “ಗಂಗವ್ವ ಒಪ್ಪಿದಳು ನೋಡ್ರಿ,” ಎಂದು ಜನರಿಗೆ ಹೇಳಿ, ನನ್ನ ಕಡೆ ತಿರುಗಿ, “ದೋಣಿ ಅಲ್ಲೇ ಇರ್ಲಿ. ಸಮಿತಿ ಪರ್ಮಿಶನ್ ಕೊಟ್ಟೈತಿ, ಯಾರೂ ಅದನ್ನ ಎಬ್ಬಸಬಾರದು” ಎಂದರು. ಅಪ್ಪನಿಗೆ ಹಿತ್ತಲು ಸಿಕ್ಕಿತು. ನನ್ನ ದೋಣಿ ಕಾಯಂ ಕೆರೆಗೆ ಸೇರಿತು. ಕೇಳಿದ್ದೆಲ್ಲ ಸಿಕ್ಕ ಮೇಲೆ ಯಾರನ್ನು ಬೈಯುವುದು ಎಂದು ನನಗೆ ತಿಳಿಯಲಿಲ್ಲ.

ಆಮೇಲೆ ಮತ್ತೆರಡು ಮಳೆಯಾಗಿ ಕೆರೆ ಏರಿತು. ಈಗ ದೋಣಿಯ ಮೂತಿಯಷ್ಟೇ ಕಾಣುತ್ತದೆ, ಅದರ ಮೇಲೊಂದು ಮಿಂಚುಳ್ಳಿ ಕೂರುತ್ತದೆ. ದಿನವಿಡೀ ನೀರು ಒಂದು ತೂತಿನಿಂದ ಬಂದು ಇನ್ನೊಂದರಿಂದ ಹೋಗುತ್ತಿರುವುದರಿಂದ ನಾಲ್ಕು ತಾಲೂಕಿನಲ್ಲಿ ಅಷ್ಟು ಸ್ವಚ್ಛವಾದ ದೋಣಿ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹತ್ತಿರ ಹೋಗಿ ನೋಡಿ ಬರೋಣವೆಂದರೆ ಅಲ್ಲಿ ಈಗ ಕುತ್ತಿಗೆಮಟ್ಟ ನೀರು, ದಾರಿಯಲ್ಲಿ ತಗ್ಗು ಬೇರೆ, ಈಜು ಬರಬೇಕು. ನನಗೆ ಬರುವುದಿಲ್ಲ. ಕಲಿಯುತ್ತಿದ್ದೇನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲನ್ನು ಝೆರಾಕ್ಸ್ ಮಷೀನಿಗೆ ಆನಿಸಿ, ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿಯುತ್ತೇನೆ. ಮೂರನೇ ಪಾಠ ಮುಗಿಯಿತು. ಉಸಿರು ಯಾವಾಗ ತೆಗೆದುಕೊಳ್ಳಬೇಕು ಎಂಬುದು ನಾಲ್ಕನೆಯದರಲ್ಲಿದೆಯಂತೆ, ಆದರೆ ಅಷ್ಟು ಮೂಲಭೂತ ವಿಷಯ ನನಗೆ ಮೊದಲಿಂದಲೂ ಗೊತ್ತಿರುವುದರಿಂದ ನೇರವಾಗಿ ಐದನೆಯದಕ್ಕೆ ಹೋಗಿದ್ದೇನೆ.