ಗೂಳಪ್ಪನ ಒಣತಲೆ

ಗೂಳಪ್ಪ ಎಂಟು ದಿನದಿಂದ ತಲೆಗೆ ಎಣ್ಣೆ ಮುಟ್ಟಿಸಿರಲಿಲ್ಲ. ಆದ ಅನಾಹುತಕ್ಕೆಲ್ಲ ಕಾರಣ ಇಷ್ಟೇ.

ಮೊರಬದ ಗೊಬ್ಬರದಂಗಡಿಯಲ್ಲಿ ದುಡಿಯುವ ಈ ಮೂವತ್ತಾರರ ಬ್ರಹ್ಮಚಾರಿಗೆ ಕಲಘಟಗಿಯ ರೋಹಿಣಿಯನ್ನು ಕೇಳಿದ್ದರು. ಅವಳಪ್ಪ ಮಡಿವಾಳೆಪ್ಪ ‘ನೋಡೂಣು’ ಎಂದವನು ಆರು ತಿಂಗಳಿಂದ ನೋಡುತ್ತಲೇ ಇದ್ದ. ಅಷ್ಟರಲ್ಲಿ ಗೂಳಪ್ಪನ ಮೊಬೈಲಿಗೆ ತಲೆಎಣ್ಣೆ ಕಂಪನಿಯೊಂದರ ಸಂದೇಶ ಬಂತು. ಮೊರಬದ ಸಮುದಾಯ ಭವನದಲ್ಲಿ ಮಷೀನಿನಿಂದ ಕೂದಲಿನ ಹೊಳಪು ಅಳೆಯುತ್ತಾರೆ. ಎಂಟು ದಿನ ಎಣ್ಣೆ ಹಚ್ಚಬಾರದು. ಯಾರ ತಲೆ ಎಲ್ಲರಿಗಿಂತ ಮಂಕೋ ಅವರ ಫೋಟೋ ‘ಎಣ್ಣೆ ಹಚ್ಚುವ ಮೊದಲು’ ಎಂದು ಬಾಟಲಿಯ ಮೇಲೆ! ಬಾಟಲಿಯ ಮೇಲಿರುವ ಅಳಿಯನನ್ನು ಯಾವ ಮಾವ ಬೇಡ ಅಂದಾನು? ಪೈಪೋಟಿ ಬೇಡವೆಂದು ಗೂಳಪ್ಪ ಓಣಿಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹೊಸ್ತಿಲು ದಾಟಿದ್ದೇ ತಡ, ಬಾಜು ಮನೆಯ ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಲಿಗೆ ಎಣ್ಣಿ ಇಲ್ಲ, ಮನ್ಯಾಗ ಅವ್ವ ಇಲ್ಲ. ನಿಮ್ಮವ್ವ ತೀರಿದ್ದು ನಮಗರ ಹೇಳಬಾರದಾಗಿತ್ತೇನೋ ಗೂಳ್ಯಾ?”

“ಅವ್ವ ದೇವಿಕೊಪ್ಪದಾಗ ಅಕ್ಕನ ಮನ್ಯಾಗ ಅದಾಳಬೇ! ಹೊಳಪು ಅಳಿಯೋರು ಬರ್ತಾರಂತ ನಾ ಎಣ್ಣಿ ಬಿಟ್ಟೀನಿ.”

“ಹೊಳಪು ಅಳೀತಾರಂತ! ದುಃಖಕ್ಕ ತಲಿ ಕೆಟ್ಟೈತಿ, ಪಾಪ.”

ಪ್ರವಚನದಲ್ಲಿ ‘ಶರಣರಿಗೆ ಸೂತಕವಿಲ್ಲ’ ಎಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುವವಳು ಇವಳೇ. ಸೂತಕದವರು ತಲೆಗೆ ಎಣ್ಣೆ ಹಚ್ಚುವುದಿಲ್ಲವೆಂದು ಒಣತಲೆ ಕಂಡರೆ ಮಾತ್ರ ಮೊದಲು ಹೆಣ ಹುಡುಕುತ್ತಾಳೆ.

ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಅಂಗಡಿಯ ಮಾಬುಸಾಬ ಆಗಲೇ ಸುದ್ದಿ ಕೇಳಿ ಗೌರವಕ್ಕೆಂದು ಅರ್ಧ ಬಾಗಿಲು ಮುಚ್ಚಿದ್ದ.

“ಕಾಕಾ, ಅವ್ವ ಜೀವಂತ ಅದಾಳ!”

“ಹೌದಪಾ, ತಾಯಿ ಮನಸಿನ್ಯಾಗ ಯಾವತ್ತೂ ಜೀವಂತ ಇರ್ತಾಳ.”

ದೇವಿಕೊಪ್ಪಕ್ಕೆ ಫೋನ್ ಹಚ್ಚಿದರೆ ಕಾಡಿನಂಚಿನ ಊರು, ರೇಂಜೇ ಇಲ್ಲ. ಗೂಳಪ್ಪ ಭವನಕ್ಕೆ ಓಡಿದ.

ಅಲ್ಲಿ ಹುಬ್ಬಳ್ಳಿಯಿಂದ ಬಂದ ಕಂಪನಿಯ ಹುಡುಗಿ ಸೌಂದರ್ಯಾ ಅವನ ತಲೆಗೆ ಮಷೀನು ಒತ್ತಿದಳು. “ನೂರಕ್ಕ ಮೂರು! ಇಷ್ಟ ಮಂಕ ತಲಿ ಎಲ್ಲೂ ಸಿಕ್ಕಿದ್ದಿಲ್ರಿ. ಕುಂದರ್ರಿ, ಸಾಹೇಬ್ರು ಫೋಟೋ ತೆಗೀತಾರ.”

ಮಂಕುತಲೆಗೆ ಹೊಗಳಿಕೆ ಸಿಕ್ಕಿದ್ದು ಗೂಳಪ್ಪನ ಬಾಳಿನಲ್ಲಿ ಇದೇ ಮೊದಲು. ಅವನು ಕೂದಲು ಕೆದರಿಕೊಂಡು ಕುಳಿತ.

ಅಷ್ಟರಲ್ಲಿ ಬಟ್ಟಲು ತುಂಬ ಕುಸುಬಿ ಎಣ್ಣೆ ಹಿಡಿದು ಕಸ್ತೂರೆವ್ವ ಬಂದಳು, ಹಿಂದೆ ಓಣಿಯೇ ಬಂತು.

“ದುಃಖದಾಗ ಇದ್ದೋರು ತಾವಾಗೇ ಎಣ್ಣಿ ಹಚ್ಕೋಬಾರದು, ಓಣ್ಯಾಗಿನವರು ಹಚ್ಚಬೇಕು. ಎಂಟ ದಿನ ಆತು, ಸಾಕಿನ್ನ. ಮಾಬಣ್ಣಾ, ಹಿಡಿ!”

ಮಾಬುಸಾಬ ಭುಜ ಅದುಮಿದ. ಗೂಳಪ್ಪ ಕಿರುಚಿದಷ್ಟೂ ಜನ ‘ಅಳಲಿ ಬಿಡ್ರಿ, ಹಗುರಾಗ್ತೈತಿ’ ಅಂದರು. ಎಣ್ಣೆ ಕಿವಿಯೊಳಗೂ ಇಳಿಯಿತು.

“ಕಲಘಟಗಿಯವ್ರಿಗೂ ಸುದ್ದಿ ಮುಟ್ಟಿಸೀನಿ, ನೀ ಚಿಂತಿ ಮಾಡಬ್ಯಾಡ,” ಎಂದಳು ಕಸ್ತೂರೆವ್ವ.

ಸೌಂದರ್ಯಾ ಮತ್ತೆ ಮಷೀನು ಒತ್ತಿದಳು. “ತೊಂಬತ್ತೊಂದು. ನೀವು ಔಟ್ರಿ.”

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಡಿವಾಳೆಪ್ಪ!

“ಮಾಮಾರ, ಅವ್ವ ಸತ್ತಿಲ್ರಿ! ಅಗದಿ ಗಟ್ಟಿ ಅದಾಳ್ರಿ!”

“ಊರಿಗೂರೇ ಅಳಾಕತ್ತೈತಿ, ನೀವು ನೋಡಿದ್ರ ಅವ್ವ ಸತ್ತಿಲ್ಲ ಅಂತೀರಿ. ಲಗ್ನದ ಅವಸರಕ್ಕ ಹೆತ್ತವ್ವನ ಸಾವು ಮುಚ್ಚಿಡೂ ಗಂಡಿಗೆ ನಾವು ಮಗಳ್ನ ಕೊಡಾಂಗಿಲ್ರಿ.”

ಫೋನು ಕಟ್ಟಾಯಿತು. ಗೂಳಪ್ಪ ಎಣ್ಣೆ ಸುರಿಯುವ ತಲೆಯೆತ್ತಿ ನೋಡಿದ. ಸೌಂದರ್ಯಾಳ ಮಷೀನು ಈಗ ಕಸ್ತೂರೆವ್ವನ ನೆತ್ತಿಯ ಮೇಲಿತ್ತು.

“ಎರಡು! ನೀವೂ ಎಣ್ಣಿ ಬಿಟ್ಟಿದ್ರೇನ್ರಿ ಅಮ್ಮಾ?”

“ಎಂಟ ದಿನ ಆತವ್ವ. ಈ ಹುಡುಗನ ಒಣತಲಿ ಕಂಡ ದಿನದಿಂದ ನಾನೂ ಮುಟ್ಟಿಲ್ಲ. ಇವರವ್ವ ಅಂದ್ರ ನನಗ ಒಡಹುಟ್ಟಿದಂಗ.”

ಕಂಪನಿಯ ಸಾಹೇಬರು ಓಡಿ ಬಂದು ಕ್ಯಾಮೆರಾ ಹಿಡಿದರು. “ಬಾಟಲಿಗೆ ನೀವೇ! ಸ್ವಲ್ಪ ನಗಿ ಅಮ್ಮಾ.”

“ಸಾವಿನ ಮನಿ ಬಾಜೂಕ ಇಟ್ಕೊಂಡು ಹೆಂಗ ನಗಲ್ರೀ?” ಎಂದು ಕಸ್ತೂರೆವ್ವ ಮೂಗೊರೆಸಿಕೊಂಡಳು.