ಬಾಣ ಬಿಡಿಸಿ ಬೇಸ್ತು ಬಿದ್ದದ್ದು

ಕಾಗದದ ಮೇಲೆ ಸರಿಯಾಗಿದ್ದದ್ದು ಜನರ ಕೈಗೆ ಹೋದ ಕೂಡಲೇ ಏನಾದರೊಂದು ಎಡವಟ್ಟಾಗುವುದು ನನ್ನ ಕಸುಬಿನಲ್ಲಿ ತಪ್ಪಿದ್ದಲ್ಲ. ರಾಮನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೋಟಾರು, ಬಾಯ್ಲರು ತಾವಾಗಿಯೇ ಶುರುವಾಗಿ ತಾವಾಗಿಯೇ ನಿಲ್ಲುವಂಥ ಆಟೋಮ್ಯಾಟಿಕ್ ಬೋರ್ಡು ಮಾಡಿಕೊಡುತ್ತೇನೆ. ಕೆಲಸಕ್ಕೆ ಮುಂಚೆ ಯಾವುದು ಆದ ಮೇಲೆ ಯಾವುದು ಅಂತ ಕಾಗದದ ಮೇಲೆ ಸೊನ್ನೆ ಸುತ್ತಿ, ಬಾಣ ಎಳೆದು ತೋರಿಸುವುದು ನನ್ನ ಅಭ್ಯಾಸ.

ಸುತ್ತಿ ಸುತ್ತಿ

ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಸಾಹೇಬರೊಬ್ಬರಿಗೆ ಗೂಡು ಬೇಯಿಸುವ ನೀರು ಹದವಾದ ಬಿಸಿಯಲ್ಲೇ ಇರಬೇಕಿತ್ತು. ನಾನು ಎರಡು ಸೊನ್ನೆ ಸುತ್ತಿದೆ. "ನೀರು ತಣ್ಣಗಾದ್ರೆ ಹಬೆ ಬರ್ತದೆ. ಬಿಸಿಯಾದ್ರೆ ಹಬೆ ನಿಲ್ತದೆ. ತಿರ್ಗಾ ತಣ್ಣಗಾದ್ರೆ ತಿರ್ಗಾ ಹಬೆ."

ಸಾಹೇಬರು ಬಾಣದ ಮೇಲೆ ಬೆರಳಿಟ್ಟು ಒಂದು ಸುತ್ತು ಬಂದರು. ಎರಡು ಸುತ್ತು ಬಂದರು. ಮೂರನೆಯದಕ್ಕೆ ಬೆರಳು ನಿಂತಿತು.

"ಎಲ್ಲಾ ಚೆನ್ನಾಗೈತೆ ಸಾರ್. ಆದ್ರೆ ನಾವು ಮನೆಗೆ ಹೋಗೋದು ಯಾವಾಗ?"

ನೋಡುತ್ತೇನೆ, ಆಫ್ ಮಾಡುವ ಸ್ವಿಚ್ಚನ್ನೇ ನಾನು ಬರೆದಿರಲಿಲ್ಲ!

ಓಡದ ಮೋಟಾರು

ವಿರೂಪಾಕ್ಷಿಪುರದ ಕಡೆಯ ಒಬ್ಬ ಅವ್ವನ ತೋಟದಲ್ಲಿ ಬೋರ್‌ವೆಲ್‌ಗೆ ಬೋರ್ಡು ಹಾಕಿದ್ದೆ. ಮಾರನೆಯ ದಿನವೇ ಫೋನು.

"ಮೋಟಾರು ಓಡ್ತಾ ಇಲ್ಲ ಕಣಪ್ಪ!"

ನಾನು ನನ್ನ ಚಿತ್ರ ಮುಂದಿಟ್ಟುಕೊಂಡು ಒಂದೊಂದೇ ಕೇಳಿದೆ. "ಕರೆಂಟ್ ಐತಾ ಅವ್ವ?"

"ಐತೆ."

"ಬೋರಲ್ಲಿ ನೀರು?"

"ಬೇಕಾದಷ್ಟೈತೆ."

"ತೊಟ್ಟಿ?"

"ತುಂಬಿ ತುಳುಕ್ತಾ ಐತೆ."

"ತೊಟ್ಟಿ ತುಂಬಿದ್ಮೇಲೆ ಮೋಟಾರು ಯಾಕವ್ವ ಓಡ್ತದೆ?"

"ತುಂಬೈತೆ ಅಂತ ನಂಗೆ ಕಾಣಾಕಿಲ್ವಾ? ಬೀಗರು ಬಂದವ್ರೆ. ಅದು ತಾನಾಗೇ ಓಡ್ತದೆ ಅಂತ ಬಾಯ್ತುಂಬ ಹೇಳ್ಬುಟ್ಟಿವ್ನಿ. ಮರ್ವಾದೆ ಪ್ರಶ್ನೆ!"

ತೊಟ್ಟಿ ಒಸಿ ಖಾಲಿಯಾದರೆ ತಾನಾಗೇ ಓಡುತ್ತೆ ಅಂತ ಹೇಳಿ ಫೋನಿಟ್ಟೆ. ಒಂದು ಗಂಟೆ ಕಳೆದ ಮೇಲೆ ಮತ್ತೆ ಫೋನು ಬಂತು, ಅವ್ವನ ದನಿಯಲ್ಲಿ ಭಾರೀ ಖುಷಿ.

"ಓಡ್ತು ಕಣಪ್ಪ! ಬೀಗರಿಗೆಲ್ಲ ತಲೆ ಮೇಲೆ ನೀರು ಹುಯ್ದುಬುಟ್ಟೆ!"

ಕೆಂಪು ದೀಪ

ಮಾಗಡಿಯ ಛತ್ರವೊಂದರಲ್ಲಿ ಊಟ ಮಾಡುವವರ ಬೆನ್ನ ಹಿಂದೆ ಜನ ಬಂದು ನಿಲ್ಲುವುದು ಮಾಲೀಕರಿಗೆ ಬೇಸರವಾಗಿತ್ತು. ನಾನು ಊಟದ ಮನೆಯ ಬಾಗಿಲಿಗೆ ಎರಡು ದೀಪ ಹಾಕಿದೆ. ಎಲೆ ಹಾಸಿದ ಕೂಡಲೇ ಬಡಿಸುವವರು ಒಂದು ಬಟನ್ ಒತ್ತಬೇಕು, ಕೆಂಪು; ಯಾರೂ ಒಳಗೆ ಬರಬೇಡಿ. ಎಂಜಲೆಲೆ ತೆಗೆದ ಮೇಲೆ ಇನ್ನೊಂದು ಬಟನ್, ಹಸಿರು, ಬನ್ನಿ.

ಅಲ್ಲೇ ನಮ್ಮ ನೆಂಟರ ಮದುವೆ ಬಂತು. ಹೆಂಡತಿಯ ಜೊತೆ ಹೋದೆ. ಮುಹೂರ್ತ ಮುಗಿದು ಊಟಕ್ಕೆ ಎದ್ದರೆ ಬಾಗಿಲಲ್ಲಿ ಕೆಂಪು ದೀಪ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹುಳಿಯ ಘಮ ಮಾತ್ರ ಆರಾಮವಾಗಿ ಹೊರಗೆ ಬರುತ್ತಿತ್ತು. ಒಳಗಿಂದ ಒಬ್ಬರೂ ಕೈ ತೊಳೆಯಲು ಬರಲಿಲ್ಲ.

ಅನುಮಾನ ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಊಟಕ್ಕೆ ಕೂತವರು ಒಬ್ಬ ನರಪಿಳ್ಳೆಯೂ ಇಲ್ಲ! ಸಾಲುಸಾಲು ಎಲೆ, ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ. ಬಡಿಸುವವರು ಸೌಟು ಹಿಡಿದು ಬಾಗಿಲನ್ನೇ ನೋಡುತ್ತಾ ನಿಂತಿದ್ದಾರೆ. ನನ್ನ ಚಿತ್ರದಲ್ಲಿ ಜನ ಮೊದಲು ಕೂತು, ಆಮೇಲೆ ಎಲೆ ಬೀಳುತ್ತಿತ್ತು. ಇವರೋ ಮುಂಚೆಯೇ ಎಲೆ ಹಾಸಿ, ನಾನು ಹೇಳಿಕೊಟ್ಟ ಹಾಗೆ ಬಟನ್ ಒತ್ತಿದ್ದರು. ಊಟ ಮಾಡದೆ ಎಲೆ ತೆಗೆಯುವ ಹಾಗಿಲ್ಲ, ಎಲೆ ತೆಗೆಯದೆ ಊಟಕ್ಕೆ ಬರುವ ಹಾಗಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿದ್ದ ದಪ್ಪ ಮೀಸೆಯವರು ಹಲ್ಲು ಕಡಿದರು. "ಯಾವನ್ಲಾ ಈ ದೀಪ ಮಾಡ್ದೋನು? ಸಿಕ್ರೆ ಅವನ್ನೇ ಎಲೆ ಮೇಲೆ ಬಡಿಸ್ಬುಡ್ತೀನಿ!"

"ಯಾರೋ ಬೆಂಗ್ಳೂರಿನೋನಂತೆ ಕಣಣ್ಣ," ಅಂದೆ, ನೆಲ ನೋಡಿಕೊಂಡು.

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, ಸಾಲಿಗೆಲ್ಲ ಕೇಳುವ ಹಾಗೆ ಅಂದಳು: "ಬೆಂಗ್ಳೂರಿನೋನು ಯಾಕಣ್ಣ? ನಮ್ಮೆಜಮಾನ್ರೇ ಮಾಡಿದ್ದು!"