ಉದ್ಯೋಗಾರ್ಥಿ ಹುದ್ದೆಗೆ ರಾಜೀನಾಮೆ

ಕೆಫ್ ಪಟ್ಟಣದ ಉದ್ಯೋಗಾರ್ಥಿ ಸಿದ್ಧತಾ ಕೇಂದ್ರವು ತನ್ನ ಒಂಬತ್ತು ವರ್ಷಗಳ ಸೇವಾವಧಿಯಲ್ಲಿ ಸುಮಾರು ಸಾವಿರದ ಇನ್ನೂರು ಮಂದಿ ಯುವಜನರಿಗೆ ಕೆಲಸ ಹುಡುಕುವ ಕ್ರಮಬದ್ಧ ವಿಧಾನವನ್ನು ಕಲಿಸಿತ್ತು. ಕಲಿತವರಲ್ಲಿ ಒಬ್ಬರೂ ಹುಡುಕುವುದನ್ನು ನಿಲ್ಲಿಸಿರಲಿಲ್ಲ. ಇಂಥ ನಿಷ್ಠೆ ಬೇರಾವ ಕೇಂದ್ರದಲ್ಲೂ ಕಂಡುಬಂದಿಲ್ಲವೆಂದು ಬಾಗಿಲ ಪಕ್ಕದ ಫಲಕದಲ್ಲಿ ಬರೆದಿತ್ತು.

ಆ ಫಲಕದ ಕೆಳಗೆ ಖುಲೂದ್ ಮೊದಲ ಸಲ ನಿಂತಾಗ ಅವಳಿಗೆ ಇಪ್ಪತ್ತನಾಲ್ಕು. ರಾಜಧಾನಿಯಲ್ಲಿ ಹಾಲು ಮತ್ತು ಹಾಲಿನ ಪದಾರ್ಥಗಳ ವಿಷಯದಲ್ಲಿ ಪದವಿ ಮುಗಿಸಿ ಊರಿಗೆ ಮರಳಿ ಹತ್ತು ದಿನವಾಗಿತ್ತು. ಅವಳ ಆಸೆ ದೊಡ್ಡದೇನಲ್ಲ. ಚೀಸ್ ಮಾಡುವ ಯಾವುದಾದರೂ ಜಾಗದಲ್ಲಿ ಬಿಳಿ ಕೋಟು ತೊಟ್ಟು, ಬೆಳಗ್ಗೆ ಬಂದ ಹಾಲು ಒಳ್ಳೆಯದೋ ಕೆಟ್ಟದ್ದೋ ಹೇಳುವ ಕೆಲಸ ಸಿಕ್ಕರೆ ಸಾಕಿತ್ತು. ಅವಳ ಮೂಗು ಅಷ್ಟು ಚುರುಕು. ಹಾಲು ಮೂಸಿ ಕುರಿ ಏನು ಮೇದಿದೆ ಎಂದು ಹೇಳಿಬಿಡುತ್ತಿದ್ದಳು. ಇದನ್ನು ಬರೆಯಲು ಕೇಂದ್ರದ ಅರ್ಜಿಯಲ್ಲಿ ಜಾಗವಿರಲಿಲ್ಲ.

ಅರ್ಜಿ ತೆಗೆದುಕೊಂಡವರು ಹಿರಿಯ ಸಲಹೆಗಾರ ಶಾದ್ಲಿ. ಊರವರ ಬಾಯಲ್ಲಿ ಗೌರವಕ್ಕೆ ‘ಸೀ ಶಾದ್ಲಿ’. ಐವತ್ತೆಂಟು ವಯಸ್ಸಿನ ಅವರು ಕೆಲಸ ಹುಡುಕುವುದರಲ್ಲಿ ಇಡೀ ಜಿಲ್ಲೆಗೇ ತಜ್ಞರು. ಸ್ವತಃ ಒಮ್ಮೆಯೂ ಹುಡುಕಿದವರಲ್ಲ. ಇಪ್ಪತ್ತರ ಪ್ರಾಯದಲ್ಲಿ ಅವರ ಸೋದರಮಾವ ಕೈಹಿಡಿದು ಕರೆತಂದು ಒಂದು ಸರ್ಕಾರಿ ಕುರ್ಚಿಯಲ್ಲಿ ಕೂರಿಸಿದ್ದರು. ಆಮೇಲೆ ಕುರ್ಚಿ ಎಲ್ಲೆಲ್ಲಿಗೆ ವರ್ಗವಾಯಿತೋ ಅಲ್ಲಲ್ಲಿಗೆ ಇವರೂ ಹೋಗಿದ್ದರು.

“ಕೆಲಸ ಹುಡುಕಿದ ಅನುಭವ ಎಷ್ಟು ವರ್ಷದ್ದಮ್ಮ?” ಎಂದು ಕೇಳಿದರು.

“ಇಲ್ಲ ಸೀ ಶಾದ್ಲಿ, ಈಗ ಶುರು ಮಾಡ್ತಿದೀನಿ.”

“ಅನುಭವ ಇಲ್ದೋರನ್ನ ಹೇಗೆ ತಗೊಳ್ಳೋದು? ಕನಿಷ್ಠ ಎರಡು ವರ್ಷ ಅಂತಿದೆ.”

“ಎರಡು ವರ್ಷ ಹುಡುಕ್ಬೇಕು ಅಂದ್ರೆ ಮೊದಲು ಎಲ್ಲಾದ್ರೂ ಹೆಸರು ಬರೆಸ್ಬೇಕಲ್ವಾ?”

“ಎಲ್ರೂ ಹೀಗೇ ಕೇಳ್ತಾರೆ,” ಎಂದರು ಸೀ ಶಾದ್ಲಿ ಬೇಸರವಿಲ್ಲದೆ. “ಹೋಗ್ಲಿ, ನಿಮ್ಮಪ್ಪ ಡ್ರೈವರ್ ಆಗಿದ್ದಾಗ ನನಗೆ ಬಸ್ಸಲ್ಲಿ ಮುಂದಿನ ಸೀಟು ಹಿಡಿದಿಡ್ತಿದ್ರು. ಅವರ ಆತ್ಮಕ್ಕೆ ಶಾಂತಿ ಸಿಗ್ಲಿ. ತಾತ್ಕಾಲಿಕ ಉದ್ಯೋಗಾರ್ಥಿ ಅಂತ ಹಾಕ್ತೀನಿ. ಆರು ತಿಂಗಳು ಪ್ರೊಬೇಷನ್ನು. ಅಷ್ಟರೊಳಗೆ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊಂಡ್ರೆ ಮಾತ್ರ ಕಾಯಂ ಆಗಲ್ಲ, ನೋಡ್ಕೊ.”

ತರಗತಿಗಳು ಶುರುವಾದವು. ಸೋಮವಾರ ಕೈಕುಲುಕುವ ಪಾಠ. ಮೇಜಿನ ಮೇಲೆ ಮರದ ಕೈಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಅಭ್ಯರ್ಥಿಗಳು ಸಾಲಿನಲ್ಲಿ ಬಂದು ಅದನ್ನು ಮೂರು ಸೆಕೆಂಡು ಹಿಡಿದು, ನಿಂಬೆಹಣ್ಣಾಗಿದ್ದರೆ ರಸ ಬಾರದಷ್ಟೇ ಒತ್ತಿ, ಅದರ ಕಣ್ಣಿರಬೇಕಾದ ಜಾಗವನ್ನು ನೋಡಿ ಮುಗುಳ್ನಗಬೇಕು. ಮಂಗಳವಾರ ದೌರ್ಬಲ್ಯದ ಪಾಠ. ಸಂದರ್ಶನದಲ್ಲಿ ನಿಮ್ಮ ದೌರ್ಬಲ್ಯವೇನೆಂದು ಕೇಳಿದರೆ ‘ಅತಿಯಾಗಿ ದುಡಿಯುವುದು’ ಎನ್ನಬೇಕು. ಕೆಲಸವಿಲ್ಲದ ನಲವತ್ತು ಜನ ಒಕ್ಕೊರಲಿನಿಂದ ಇದನ್ನು ಹನ್ನೆರಡು ಸಲ ಹೇಳುತ್ತಿದ್ದರು. ಬುಧವಾರ ಬಯೋಡೇಟಾ.

“ನಡುವೆ ಒಂದು ವರ್ಷ ಖಾಲಿ ಇದ್ರೆ ಮಾಲೀಕರಿಗೆ ಅನುಮಾನ ಬರುತ್ತೆ,” ಎಂದು ಸೀ ಶಾದ್ಲಿ ವಿವರಿಸಿದರು. “ಆ ಜಾಗದಲ್ಲಿ ನಮ್ಮ ಕೇಂದ್ರದ ಕೋರ್ಸನ್ನ ಬರೀಬೇಕು.”

“ಆ ವರ್ಷ ಖಾಲಿಯಾಗಿದ್ದೇ ಈ ಕೋರ್ಸಿಗೆ ಬಂದಿದ್ದಕ್ಕಲ್ವಾ?” ಎಂದಳು ಖುಲೂದ್.

“ಅದಕ್ಕೇ ಹೇಳಿದ್ದು. ನಾವು ಯಾರನ್ನೂ ಖಾಲಿ ಬಿಡಲ್ಲ.”

ಆರು ತಿಂಗಳು ಕಳೆದ ಮೇಲೆ ಮೊಹರು ಒತ್ತಿದ ಪತ್ರ ಮನೆಗೆ ಬಂತು. ಖುಲೂದ್‌ಳ ತಾಯಿ ಫತ್ಹಿಯಾ ಅದನ್ನು ಸೆರಗಿನಂಥ ತನ್ನ ಬಿಳಿ ಹೊದಿಕೆಯಲ್ಲಿ ಸಿಕ್ಕಿಸಿಕೊಂಡು ನೆರೆಮನೆಗೆ ಹೋದಳು.

“ನನ್ ಮಗಳು ಕಾಯಂ ಆದ್ಲು.”

“ಎಲ್ಲಿ?” ಎಂದಳು ನೆರೆಯವಳು.

“ಆಫೀಸಲ್ಲಿ,” ಎಂದಳು ಫತ್ಹಿಯಾ. ಅದು ಸುಳ್ಳೂ ಆಗಿರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಕುರಿಗಳು ಮರಿ ಹಾಕುವ ಕಾಲದಲ್ಲಿ ಒಂದು ಬೆಳಗ್ಗೆ ಬಶೀರ್ ಎಂಬ ಮುದುಕ ಹಾಲಿನ ಕ್ಯಾನು ಹಿಡಿದು ಕೇಂದ್ರಕ್ಕೆ ಬಂದ. ಊರಾಚೆ ಪೈನ್ ಕಾಡಿನ ಅಂಚಿನಲ್ಲಿ ನಲವತ್ತು ವರ್ಷದಿಂದ ಕುರಿಹಾಲಿನ ಚೀಸ್ ಮಾಡುತ್ತಿದ್ದವನು. ಹಾಲು ನೋಡುವುದು ಅವನ ಹೆಂಡತಿಯ ಪಾಲಿನ ಕೆಲಸವಾಗಿತ್ತು. ಅವಳು ತೀರಿಕೊಂಡ ಮೇಲೆ ಮೂರು ಸಲ ಇಡೀ ಕಡಾಯಿಯ ಹಾಲು ಕೆಟ್ಟು, ಚೀಸನ್ನು ಹಳ್ಳಕ್ಕೆ ಸುರಿದಿದ್ದ.

“ನನಗೆ ಒಬ್ರು ಬೇಕು,” ಎಂದ. “ಹಾಲು ಕೆಟ್ಟಿದ್ಯೋ ಇಲ್ವೋ ಹೇಳೋರು. ನನ್ ಮೂಗು ತಂಬಾಕಿಗೆ ಹಾಳಾಗಿದೆ.”

“ಮಾಲೀಕರಿಗೂ ಒಂದು ಅರ್ಜಿ ಇದೆ,” ಎಂದರು ಸೀ ಶಾದ್ಲಿ. “ಹಿಂದೆ ಎಷ್ಟು ಜನಕ್ಕೆ ಕೆಲಸ ಕೊಟ್ಟ ಅನುಭವ ಇದೆ ನಿಮಗೆ?”

ಖುಲೂದ್ ಆಗ ಕಾರಿಡಾರಿನಲ್ಲಿ ಮರದ ಕೈಗೆ ಎಣ್ಣೆ ಹಚ್ಚುತ್ತಿದ್ದಳು. ಕ್ಯಾನಿನ ಮುಚ್ಚಳದ ಸಂದಿನಿಂದ ಬಂದ ವಾಸನೆ ಅವಳನ್ನು ಎಳೆಯಿತು. ಯಾರನ್ನೂ ಕೇಳದೆ ಮುಚ್ಚಳ ತೆಗೆದಳು, ಮೂಸಿದಳು, ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು.

“ಯಜಮಾನ್ರೇ, ಇದು ಎರಡು ಮಂದೆಯ ಹಾಲು. ಒಂದು ಕಾಡಲ್ಲಿ ರೋಸ್‌ಮರಿ ಸೊಪ್ಪು ಮೇದಿದ್ದು, ಚೆನ್ನಾಗಿದೆ. ಇನ್ನೊಂದು ಉಪ್ಪುಪ್ಪು. ಆ ಮಂದೇಲಿ ಯಾವುದೋ ಕುರಿಗೆ ಕೆಚ್ಚಲುಬಾವು ಬಂದಿದೆ.”

ಬಶೀರ್ ಅವಳನ್ನೇ ನೋಡಿದ. ಅವನ ಹೆಂಡತಿಯೂ ಬೆರಳದ್ದಿಯೇ ನೋಡುತ್ತಿದ್ದಳು.

“ನಾಳೆ ಬೆಳಗ್ಗೆ ಐದಕ್ಕೆ ಬಂದ್ಬಿಡು ಮಗಳೇ,” ಎಂದ.

ಇಷ್ಟು ವರ್ಷಗಳಲ್ಲಿ ಆ ಕಟ್ಟಡದೊಳಗೆ ಯಾರಿಗೂ ಕೆಲಸ ಸಿಕ್ಕಿರಲಿಲ್ಲ; ಸಿಕ್ಕರೆ ಏನು ಮಾಡಬೇಕೆಂದು ಸಿಬ್ಬಂದಿಗೆ ತರಬೇತಿಯೂ ಇರಲಿಲ್ಲ. ಒಬ್ಬಳು ಗುಮಾಸ್ತೆ ಖುಲೂದ್‌ಗೆ ಕುಡಿಯಲು ನೀರು ತಂದುಕೊಟ್ಟಳು. ಸೀ ಶಾದ್ಲಿ ಅವಳನ್ನು ನಿರ್ದೇಶಕ ಸೀ ಮುನ್ಸಿಫ್ ಅವರ ಕೋಣೆಗೆ ಕರೆದೊಯ್ದರು.

ನಿರ್ದೇಶಕರು ಗದರುವ ಮನುಷ್ಯರಲ್ಲ. ಅವಳನ್ನು ಕೂರಿಸಿ, ಸಮುದ್ರದಾಚೆಯಿಂದ ಕೇಂದ್ರಕ್ಕೆ ಹಣ ಕಳಿಸುವ ದಾನಿ ಸಂಸ್ಥೆಯ ಪತ್ರವನ್ನು ಮುಂದಿಟ್ಟರು. ಫಲಾನುಭವಿಗಳ ಸಂಖ್ಯೆ ಯಾವ ತ್ರೈಮಾಸಿಕದಲ್ಲೂ ಸಾವಿರದ ಇನ್ನೂರಕ್ಕಿಂತ ಕಡಿಮೆಯಾಗತಕ್ಕದ್ದಲ್ಲ ಎಂದು ಅದರಲ್ಲಿತ್ತು.

“ನೀನು ಹೋದ್ರೆ ಸಾವಿರದ ನೂರ ತೊಂಬತ್ತೊಂಬತ್ತು,” ಎಂದರು. “ನಮ್ಮಲ್ಲಿ ನಲವತ್ತೊಂದು ಜನ ನೌಕರರಿದ್ದಾರೆ, ಮಗಳೇ. ಅವರ ಮನೆ ಒಲೆ ಉರಿಯೋದು ನಿನಗೆ ಕೆಲಸ ಇಲ್ಲದ್ದರಿಂದ.”

ಖುಲೂದ್‌ಗೆ ನಿಜಕ್ಕೂ ನಾಚಿಕೆಯಾಯಿತು. “ಹಾಗಾದ್ರೆ ಏನ್ ಮಾಡ್ಲಿ?” ಎಂದಳು.

ಅಂದೇ ಮಧ್ಯಾಹ್ನ ಸುತ್ತೋಲೆ ಹೊರಟಿತು:

‘ಉದ್ಯೋಗಾರ್ಥಿ ಹುದ್ದೆಗೆ ರಾಜೀನಾಮೆ ನೀಡಬಯಸುವವರು ತಮ್ಮ ಸ್ಥಾನಕ್ಕೆ ಬದಲಿ ವ್ಯಕ್ತಿಯನ್ನು ತಾವೇ ಒದಗಿಸತಕ್ಕದ್ದು. ಸದರಿ ವ್ಯಕ್ತಿ ಈಗಾಗಲೇ ನೋಂದಾಯಿತನಾಗಿರಕೂಡದು. ರಾಜೀನಾಮೆದಾರರು ತಾವು ಇದುವರೆಗೆ ಹುಡುಕಿದ ಹಾಗೂ ಸಿಗದೆ ಉಳಿದ ಎಲ್ಲ ಕೆಲಸಗಳನ್ನು ಬದಲಿ ವ್ಯಕ್ತಿಗೆ ಕ್ರಮಪ್ರಕಾರ ಹಸ್ತಾಂತರಿಸಿ ಸಹಿ ಪಡೆಯತಕ್ಕದ್ದು. ಅಲ್ಲಿಯವರೆಗೆ ಅವರು ನಿರುದ್ಯೋಗದಲ್ಲಿಯೇ ಮುಂದುವರಿಯತಕ್ಕದ್ದು.’

ನಿಯಮವೇನೋ ನ್ಯಾಯವಾಗಿಯೇ ಇತ್ತು. ತೊಡಕು ಬೇರೆ ಕಡೆ ಇತ್ತು. ಊರಿನಲ್ಲಿ ಕೆಲಸವಿಲ್ಲದವರೆಲ್ಲ ಆಗಲೇ ಕೇಂದ್ರದಲ್ಲಿ ಹೆಸರು ಬರೆಸಿದ್ದರು. ಹೊಸಬರು ಬೇಕೆಂದರೆ ಕೆಲಸವಿರುವ ಯಾರಾದರೂ ಕೆಲಸ ಬಿಡಬೇಕಿತ್ತು. ಖುಲೂದ್ ಅಂಚೆ ಗುಮಾಸ್ತನನ್ನು ಕೇಳಿದಳು, ಕ್ಷೌರಿಕನನ್ನು ಕೇಳಿದಳು. ಬಸ್ ನಿಲ್ದಾಣದಲ್ಲಿ ಎಣ್ಣೆಯಲ್ಲಿ ಮಡಿಸಿದ ರೊಟ್ಟಿ ಬೇಯಿಸುವ ಹೆಂಗಸನ್ನೂ ಕೇಳಿದಳು.

“ನಿನಗೆ ಕೆಲಸ ಸಿಗ್ಲಿ ಅಂತ ನಾನು ಬಿಡ್ಬೇಕಾ?” ಎಂದಳು ಅವಳು ರೊಟ್ಟಿ ಮಗುಚುತ್ತ. “ಓದಿದೋರು ಲೆಕ್ಕಾಚಾರ ಚೆನ್ನಾಗಿ ಮಾಡ್ತೀರಮ್ಮ. ಅತ್ಲಾಗೆ ಸರಿ, ಬಿಸಿ ಎಣ್ಣೆ ಹಾರುತ್ತೆ.”

ಈ ಮಧ್ಯೆ ಕೇಂದ್ರವು ಖುಲೂದ್‌ಳಿಗೆ ಬಡ್ತಿ ನೀಡಿತು. ಹಿರಿಯ ಉದ್ಯೋಗಾರ್ಥಿ, ದರ್ಜೆ ಎರಡು. ಹೀಟರಿನ ಪಕ್ಕದಲ್ಲಿ ಸ್ವಂತ ಕುರ್ಚಿ.

“ಇದನ್ನ ಬಿಟ್ಟು ಕುರಿ ಕೆಚ್ಚಲ ಹಿಂದೆ ಹೋಗ್ತೀಯಾ?” ಎಂದಳು ತಾಯಿ ಮನೆಯಲ್ಲಿ. “ಮೊನ್ನೆ ಹೆಣ್ಣು ನೋಡೋಕೆ ಬಂದವರು ಕುರ್ಚಿ ವಿಷಯ ಕೇಳಿ ಎಷ್ಟು ಖುಷಿಪಟ್ರು ಗೊತ್ತಾ?”

“ಅಮ್ಮ, ಕುರ್ಚೀಲಿ ಕೂತು ನಾನೇನ್ ಮಾಡ್ಲಿ?”

“ಕೂತ್ಕೊ. ಎಲ್ರೂ ಅದನ್ನೇ ತಾನೆ ಮಾಡೋದು?”

ಎರಡು ವಾರ ಕಾದ ಬಶೀರ್ ಮತ್ತೆ ಕೇಂದ್ರಕ್ಕೆ ಬಂದ. ಅವನ ಬಟ್ಟೆಯಿಂದ ಹುಳಿ ವಾಸನೆ ಬರುತ್ತಿತ್ತು. ಇನ್ನೊಂದು ಕಡಾಯಿ ಕೆಟ್ಟಿದೆಯೆಂದು ಖುಲೂದ್‌ಗೆ ಅವನು ಬಾಯಿ ಬಿಡುವ ಮೊದಲೇ ತಿಳಿಯಿತು.

“ಯಾಕೆ ಬರ್ಲಿಲ್ಲ ಮಗಳೇ? ಸಂಬಳ ಸಾಲಲ್ವಾ?”

ಅವಳು ಸುತ್ತೋಲೆಯನ್ನು ಓದಿ ಹೇಳಿದಳು. ಮುದುಕ ಎರಡು ಸಲ ಓದಿಸಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು ಸೀ ಶಾದ್ಲಿಯವರ ಮೇಜಿಗೆ ಹೋದ.

“ಒಬ್ರು ಬೇಕು, ಅಷ್ಟೇ ತಾನೆ? ನನ್ನ ಹೆಸರು ಬರ್ಕೊಳ್ಳಿ.”

ಸೀ ಶಾದ್ಲಿ ಕಡತಗಳನ್ನು ತಿರುವಿ ಹಾಕಿದರು. ಮುದುಕನಿಗೆ ಸ್ವಂತ ಚೀಸ್ ಡೈರಿ ಇದ್ದದ್ದು ಮೊದಲನೆಯ ಅಡ್ಡಿ. ಅದನ್ನು ಖುಲೂದ್‌ಳ ವಶಕ್ಕೆ ಬರೆದು ಪುರಸಭೆಯಲ್ಲಿ ಮೊಹರು ಹಾಕಿಸಿದರೆ ಅವನು ನಿರುದ್ಯೋಗಿಯಾಗಲು ಅರ್ಹನಾಗುತ್ತಿದ್ದ. ಬಶೀರ್ ಅಂದೇ ಹೋಗಿ ಮೊಹರು ಹಾಕಿಸಿದ. ವಯಸ್ಸು ಅರವತ್ತೊಂದು ಎಂಬುದು ಎರಡನೆಯದು. ಯೋಜನೆ ಇದ್ದದ್ದು ಯುವಜನರಿಗೆ. ಈ ಬಗ್ಗೆ ನಿರ್ದೇಶಕರ ಅಭಿಪ್ರಾಯ ಕೇಳಲಾಯಿತು. ‘ಯುವಕನೆಂದರೆ ವೃತ್ತಿಜೀವನವನ್ನು ಇನ್ನೂ ಆರಂಭಿಸದವನು. ಅರ್ಜಿದಾರರ ಬಳಿ ಎಲ್ಲಿಯೂ ನೌಕರಿ ಮಾಡಿದ ಪ್ರಮಾಣಪತ್ರವಿಲ್ಲ. ಆದ್ದರಿಂದ ಯುವಕರು’ ಎಂದು ಅವರು ಷರಾ ಬರೆದರು.

ಮುಂದಿನ ಸೋಮವಾರ ಬೆಳಗ್ಗೆ ಐದಕ್ಕೆ ಖುಲೂದ್ ಪೈನ್ ಕಾಡಿನ ಅಂಚಿಗೆ ಹೋದಳು. ಒಂಬತ್ತಕ್ಕೆ ಬಶೀರ್ ಕೇಂದ್ರಕ್ಕೆ ಬಂದು ಮರದ ಕೈ ಕುಲುಕಿದ.

ಖುಲೂದ್‌ಗೆ ಅಂಥ ವಸಂತ ಹಿಂದೆಂದೂ ಬಂದಿರಲಿಲ್ಲ. ಕೆಚ್ಚಲುಬಾವಿನ ಕುರಿಯನ್ನು ಪತ್ತೆಹಚ್ಚಿ ಬೇರೆ ಮಾಡಿಸಿದಳು. ಆಮೇಲೆ ಒಂದು ಕಡಾಯಿಯೂ ಕೆಡಲಿಲ್ಲ. ಸಂಜೆ ಕೈಗಳಿಂದ ಹಾಲಿನ ವಾಸನೆ ಹೋಗದಿದ್ದರೆ ತೊಳೆಯದೇ ಮಲಗುತ್ತಿದ್ದಳು. ಬಶೀರನಿಗೂ ಕೇಂದ್ರ ಒಗ್ಗಿತು. ಹೆಂಡತಿ ಸತ್ತ ಮೇಲೆ ಅವನೊಡನೆ ದಿನವಿಡೀ ಮಾತಾಡುವವರು ಯಾರೂ ಇರಲಿಲ್ಲ. ಇಲ್ಲಿ ನಲವತ್ತು ಜನರಿದ್ದರು, ಪುದೀನ ಚಹಾ ಇತ್ತು, ಹೀಟರು ಇತ್ತು. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಕೂತು, ಎಲ್ಲರಿಗಿಂತ ಜೋರಾಗಿ ತನ್ನ ದೌರ್ಬಲ್ಯ ಹೇಳುತ್ತಿದ್ದ. ಎಂಟೇ ತಿಂಗಳಲ್ಲಿ ದರ್ಜೆ ಒಂದಕ್ಕೇರಿದ.

ಡೈರಿಗೆ ಗಿರಾಕಿಗಳು ಹೆಚ್ಚಿದಾಗ ಖುಲೂದ್‌ಗೆ ಇನ್ನೊಬ್ಬರು ಬೇಕಾದರು. ಬೆಂಕಿಯ ಹದ, ಹೆಪ್ಪಿನ ಅಳತೆ, ಚೀಸನ್ನು ಯಾವ ದಿನ ತಿರುವಿಡಬೇಕೆಂಬುದು, ಇವನ್ನೆಲ್ಲ ಬಲ್ಲವರು ಬೇಕಿತ್ತು. ಅವಳು ಕ್ರಮಪ್ರಕಾರ ಕೇಂದ್ರಕ್ಕೆ ಅರ್ಜಿ ಕೊಟ್ಟಳು. ಅದೇ ವಾರ ದಾನಿ ಸಂಸ್ಥೆಯ ಪ್ರತಿನಿಧಿಯೊಬ್ಬರು ತಪಾಸಣೆಗೆ ಬರುವವರಿದ್ದರು. ಅವರ ಎದುರಿಗೇ ಸಂದರ್ಶನ ನಡೆಸುವುದೆಂದೂ, ಅಭ್ಯರ್ಥಿಯಾಗಿ ಕೇಂದ್ರದ ಅತ್ಯುತ್ತಮ ಉದ್ಯೋಗಾರ್ಥಿಯನ್ನು ಕಳಿಸುವುದೆಂದೂ ಸೀ ಮುನ್ಸಿಫ್ ತೀರ್ಮಾನಿಸಿದರು.

ಬಶೀರ್ ವಾರವಿಡೀ ತಯಾರಿ ಮಾಡಿಕೊಂಡಿದ್ದ. ಗಡ್ಡ ಬೋಳಿಸಿ, ಅಂಗಿಯನ್ನು ತಾನೇ ಇಸ್ತ್ರಿ ಮಾಡಿ, ಕಾಲರಿನಲ್ಲಿ ಸುಟ್ಟ ಗುರುತು ಬಿದ್ದದ್ದನ್ನು ಕತ್ತುವಸ್ತ್ರದಿಂದ ಮುಚ್ಚಿಕೊಂಡು ಬಂದ. ಮೇಜಿನ ಈಚೆ ಖುಲೂದ್ ಕೂತಿದ್ದಳು. ಮುದ್ರಿತ ಪ್ರಶ್ನೆಗಳನ್ನು ಬಿಟ್ಟು ಬೇರೇನನ್ನೂ ಕೇಳುವಂತಿರಲಿಲ್ಲ.

“ನಿಮ್ಮ ದೌರ್ಬಲ್ಯವೇನು?”

“ಅತಿಯಾಗಿ ದುಡಿಯುವುದು,” ಎಂದ ಬಶೀರ್. ಆ ಕಟ್ಟಡದಲ್ಲಿ ಈ ಉತ್ತರ ನಿಜವಾದದ್ದು ಅದೇ ಮೊದಲು.

“ಅನುಭವ?”

“ಉದ್ಯೋಗಾರ್ಥಿಯಾಗಿ ಹತ್ತು ತಿಂಗಳು.”

“ಅದಕ್ಕೂ ಮೊದಲು?”

ಅವನು ಸೀ ಶಾದ್ಲಿಯವರ ಮುಖ ನೋಡಿದ. ಅವರು ಬೇಡವೆಂದು ಕಂಡೂ ಕಾಣದಷ್ಟು ತಲೆಯಾಡಿಸಿದರು.

“ಅದಕ್ಕೂ ಮೊದಲು ನಲವತ್ತು ವರ್ಷ ಖಾಲಿ ಇದೆ.”

ಖುಲೂದ್‌ಳ ಪೆನ್ನು ನಿಂತಿತು. ಅವನನ್ನು ತೇರ್ಗಡೆ ಮಾಡಿದರೆ ನಾಳೆಯೇ ಅವನು ತನ್ನ ಡೈರಿಗೆ ಮರಳಬಹುದಿತ್ತು. ಆದರೆ ಅವನ ಜಾಗಕ್ಕೆ ಬದಲಿಯೊಬ್ಬರು ಬೇಕು. ಕೇಂದ್ರದಲ್ಲಿ ಹೆಸರಿಲ್ಲದವರು, ಡೈರಿಯ ಸಲುವಾಗಿ ಕೆಲಸ ಬಿಡುವಷ್ಟು ಹುಚ್ಚಿರುವವರು ಊರಿನಲ್ಲಿ ಅವಳೊಬ್ಬಳೇ. ನಾಳೆ ಐದಕ್ಕೆ ಹಾಲು ಬರುತ್ತದೆ, ಅದನ್ನು ಮೂಸಬೇಕು. ಅವಳು ಬರೆದಳು: ‘ಅಭ್ಯರ್ಥಿಗೆ ಚೀಸ್ ತಯಾರಿಕೆಯಲ್ಲಿ ಅನುಭವ ಸಾಲದು.’ ಅಕ್ಷರಗಳು ದುಂಡಾಗಿಯೇ ಬಂದವು.

ಬಶೀರ್ ಷರಾವನ್ನು ಓದಿಸಿಕೊಂಡು ಕೇಳಿ, ಕತ್ತುವಸ್ತ್ರ ಸರಿಪಡಿಸಿಕೊಂಡ.

“ನೀನು ಬೇಜಾರು ಮಾಡ್ಕೋಬೇಡ ಮಗಳೇ,” ಎಂದ. “ತಿರಸ್ಕಾರ ತಡ್ಕೊಳ್ಳೋ ಪಾಠ ಹೋದ ತಿಂಗಳೇ ಆಯ್ತು.”

ಪ್ರತಿನಿಧಿಗೆ ಅವನು ಬಹಳ ಮೆಚ್ಚಿಗೆಯಾದ. ತ್ರೈಮಾಸಿಕ ವರದಿಯಲ್ಲಿ ಸಂದರ್ಶನ ಒಂದು, ಫಲಾನುಭವಿಗಳು ಸಾವಿರದ ಇನ್ನೂರು, ಕೊರತೆ ಇಲ್ಲ ಎಂದು ಗುರುತು ಹಾಕಿಕೊಂಡು, ಹೊರಡುವ ಮುನ್ನ ಅವನ ಭುಜ ಮುಟ್ಟಿ ವಿಚಾರಿಸಿದರು.

“ಮುಂದೆ ಎಂಥ ಕೆಲಸ ಸಿಕ್ಕರೆ ಚೆನ್ನ ಅಂತ ನಿಮ್ಮ ಆಸೆ?”

“ಚೀಸ್ ಕಡೆ ಏನಾದ್ರೂ ಸಿಕ್ಕಿದ್ರೆ ಚೆನ್ನಾಗಿರ್ತಿತ್ತು,” ಎಂದ ಬಶೀರ್.

“ಆ ಲೈನಲ್ಲಿ ಈಗ ಪೈಪೋಟಿ ಜಾಸ್ತಿ,” ಎಂದರು ಸೀ ಶಾದ್ಲಿ ಅನುಭವದಿಂದ.

ನಿರ್ದೇಶಕರು ಹೌದೆಂದರು, ಪ್ರತಿನಿಧಿ ಹೌದೆಂದರು. ಊರಿನ ಮಾಲೀಕವರ್ಗದ ಪರವಾಗಿ ಖುಲೂದ್‌ಳ ಅಭಿಪ್ರಾಯವನ್ನೂ ಕೇಳಲಾಯಿತು, ಅವಳೂ ಹೌದೆಂದಳು.